ಕೈ ಅಡ್ಡ ಹಿಡಿಯುವವರೆಗೆ

ಹೊಳೆದಂಡೆಯಲ್ಲೊಂದು ಸಣ್ಣ ಮಠ. ಅಲ್ಲಿನ ಗುರುಗಳನ್ನು ಎಲ್ಲರೂ ಅಜ್ಜಾರು ಎಂದೇ ಕರೆಯುತ್ತಿದ್ದರು.

ಅವರ ಶಿಷ್ಯ ಗಿರಿಮಲ್ಲ ಬಲು ಮೆತ್ತನೆ ಮನಸ್ಸಿನವನು. ಯಾರಿಗೂ ಬೇಸರವಾಗಬಾರದು ಅವನಿಗೆ. ಮೊಬೈಲಿನಲ್ಲಿ ಯಾರು ಏನು ಹಾಕಿದರೂ ಹೆಬ್ಬೆರಳೋ ಹೂವೋ ಒತ್ತಿ ಕಳಿಸುತ್ತಿದ್ದ. ಬೆಳಗಿನ ಶುಭಾಶಯಗಳಿಗೆಲ್ಲ ಉತ್ತರ ಕೊಟ್ಟು ಮುಗಿಸುವಷ್ಟರಲ್ಲಿ ರಾತ್ರಿಯ ಶುಭಾಶಯಗಳು ಬಂದು ಕೂತಿರುತ್ತಿದ್ದವು.

ಒಂದು ದಿನ ಅಜ್ಜಾರ ಮುಂದೆ ಬಂದು ಕುಸಿದು ಕೂತ.

“ಸಾಕಾಗೇತ್ರಿ ಅಜ್ಜಾರ. ಎಷ್ಟು ಓಡಿದ್ರೂ ಹಿಂದ ಉಳೀತೀನಿ. ಬಿಟ್ರ ಮಂದಿ ಬ್ಯಾಸರ ಮಾಡ್ಕೋತಾರ.”

ಅಜ್ಜಾರು ಅವನ ಕೆಂಪಾದ ಕಣ್ಣು ನೋಡಿದರು. ಪಾಪ ಅನ್ನಿಸಿತು.

“ಏಳಪಾ. ಪಂಕ್ತಿ ಕುಂತೈತಿ. ಇವತ್ತ ಹುಗ್ಗಿ ನೀ ಬಡಸು.”

ಆ ಮಠದಲ್ಲಿ ಬಡಿಸುವುದಕ್ಕೊಂದು ಪದ್ಧತಿಯಿತ್ತು. ಉಣ್ಣುವವರು ‘ಸಾಕು’ ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿಯಬೇಕು. ಅಲ್ಲಿಯತನಕ ಬಡಿಸುವವರು ಮುಂದಿನ ಎಲೆಗೆ ಹೋಗುವಂತಿಲ್ಲ.

ಗಿರಿಮಲ್ಲನಿಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೆ ಜೇಬಿನಲ್ಲಿ ಮೊಬೈಲು ಗುಂಯ್‌ಗುಡುತ್ತಿತ್ತು. ಎಲೆಗೊಂದು ಸೌಟು ಹಾಕಿದ, ಮುಂದೆ ನಡೆದ. ಯಾರ ಕೈಗೂ ಅಡ್ಡ ಬರಲು ಪುರುಸೊತ್ತು ಕೊಡಲಿಲ್ಲ. ಮೊದಲ ಸಾಲು ಮುಗಿಸಿ ಬಂದೇಬಿಟ್ಟ.

“ಬಾಳಪ್ಪಗ ಬಡಸಿದ್ಯಾ?” ಅಜ್ಜಾರು ಕೇಳಿದರು.

ಗಿರಿಮಲ್ಲನ ಮುಖ ಅರಳಿತು. ಬಾಳಪ್ಪ ಅವನ ಬಾಲ್ಯದ ಗೆಳೆಯ.

“ಬಾಳಪ್ಪ ಬಂದಾನ್ರಿ? ಎಲ್ಲಿ?”

“ಕಂಬದ ಬಾಜೂಕ. ಈಗ ನೀನ ಬಡಿಸಿ ಬಂದಿ.”

ತಿರುಗಿ ನೋಡಿದ. ಬಾಳಪ್ಪ ತಲೆ ತಗ್ಗಿಸಿ ಕೂತಿದ್ದ. ಹುಗ್ಗಿ ಹಾಕಿದ್ದು ಹಾಕಿದಂತೆಯೇ ಇತ್ತು.

“ಯಾಕ್ರಿ ಹಿಂಗ ಕುಂತಾನ?”

“ಅವರವ್ವ ತೀರಿಹೋಗಿ ವಾರಾತು. ನಿನಗೂ ಸುದ್ದಿ ಕಳಿಸಿದ್ನಂತ.”

ಗಿರಿಮಲ್ಲ ಮೊಬೈಲು ತೆಗೆದು ಹುಡುಕಿದ. ಸುದ್ದಿ ಇತ್ತು. ಅದರ ಕೆಳಗೆ ಅವನೇ ಒತ್ತಿದ ಹೆಬ್ಬೆರಳೂ ಇತ್ತು.

ಚಿಕ್ಕಂದಿನಲ್ಲಿ ಮಗನ ರೊಟ್ಟಿ ಮುರಿದು ಅರ್ಧ ಇವನ ಕೈಗಿಟ್ಟ ತಾಯಿ ಆಕೆ. ಗಿರಿಮಲ್ಲನಿಗೆ ಅಳು ಒತ್ತರಿಸಿ ಬಂತು.

“ಓದಲಾರದ ಒತ್ತೀನ್ರಿ ಅಜ್ಜಾರ. ಅವಗ ಹೆಂಗ ಮಾರಿ ತೋರಸ್ಲಿ?”

“ಅಂವ ಆ ಮಾರಿ ನೋಡಾಕ ಬಂದಾನಪಾ.”

ಗಿರಿಮಲ್ಲ ಎರಡು ಹೆಜ್ಜೆ ಇಟ್ಟು ಮತ್ತೆ ನಿಂತ. ಮೊಬೈಲು ಗುಂಯ್ ಅಂದಿತು. ಎರಡನೇ ಸಾಲಿನವರು ಖಾಲಿ ಎಲೆ ಮುಂದಿಟ್ಟುಕೊಂಡು ಇವನನ್ನೇ ನೋಡುತ್ತಿದ್ದರು.

“ಇಷ್ಟು ಮಂದಿ ಕಾಯಾಕತ್ತಾರಲ್ರಿ...”

ಅಜ್ಜಾರು ತಮ್ಮ ಶಾಲಿನ ಸೆರಗಿನಿಂದ ಅವನ ಕೆನ್ನೆ ಒರೆಸಿದರು. ಮೊಬೈಲು ತೆಗೆದುಕೊಂಡು ಕಿಟಕಿಯಲ್ಲಿಟ್ಟರು. ಹುಗ್ಗಿಯ ಬಕೆಟ್ಟನ್ನು ತಾವೇ ಎತ್ತಿಕೊಂಡರು.

“ಮಂದಿಗೆ ನಾ ಬಡಸ್ತೀನಿ. ನೀ ಹೋಗಿ ಅವನ ಬಾಜೂಕ ಕೂಡು. ಅಂವ ಸಾಕು ಅನ್ನೂತನಕ ಏಳಬ್ಯಾಡ.”