ವಾಚ್ ಔಟ್ ಎಂದು ಕೂಗಿದವನು

"ಗುರುವೇ, ನಾನು 'ವಾಚ್ ಔಟ್' ಎಂದು ಗಟ್ಟಿಯಾಗಿ ಕೂಗಿಯೇ ಬಂಡೆ ಉರುಳಿಸಿದೆ. ಆದರೂ ಕೆಳಗಿದ್ದ ಪಿಲ್ಲಪ್ಪನ ಕಾಲು ಮುರಿಯಿತು. ತಪ್ಪು ಯಾರದು?" ಎಂದು ಶಿಷ್ಯ ಗಂಗುಲಪ್ಪ ಕೇಳಿದ.

ನನಗೆ ಮೈಯೆಲ್ಲ ಉರಿಯಿತು. "ಆ ಇಂಗ್ಲಿಷ್ ಮಾತಿನ ಅರ್ಥವೇನೋ?" ಎಂದೆ.

"ಹುಷಾರು, ನೋಡಿಕೋ ಅಂತ."

"ಅಷ್ಟು ನಮ್ಮ ಕಲ್ಲುಕ್ವಾರಿಯ ಕತ್ತೆಗೂ ಗೊತ್ತು. ಕೂತು ಕೇಳು. ನಾನು ಶಾಲೆಯ ಬಾಗಿಲು ಕಂಡವನಲ್ಲ. ಆನೆಗಾತ್ರದ ಬಂಡೆಯನ್ನು ಒಂದೇ ಏಟಿಗೆ ಹೋಳು ಮಾಡಿದವನು. ಈ ಮಾತಿನ ಅರ್ಥವನ್ನು ನನ್ನೆದುರು ಹೇಳಲು ಯಾವ ಮೇಷ್ಟ್ರಿಗೂ ಧೈರ್ಯವಿಲ್ಲ," ಎಂದು ಕತೆ ಶುರು ಮಾಡಿದೆ.

ಒಂದು ಕ್ವಾರಿಯಲ್ಲಿ ಒಬ್ಬ ಸಿಡಿಮದ್ದಿನವನಿದ್ದ. ಅವನು ಕೂಗಿದರೆ ಹಾರುವ ಕಾಗೆ ಉದುರುತ್ತಿತ್ತು. ಮೂರು ಹರದಾರಿ ಆಚೆ ಹಸುವಿನ ಹಾಲು ಕೆಚ್ಚಲಲ್ಲೇ ಹೆಪ್ಪುಗಟ್ಟುತ್ತಿತ್ತು. ಬಿಳಿ ದೊರೆಗಳಿಂದ ಕಲಿತ 'ವಾಚ್ ಔಟ್' ಅವನ ಕೂಗು. ಅಲ್ಲೊಂದು ಕಟ್ಟಳೆಯಿತ್ತು. ಅವನು ಕೂಗಿದ ಮೇಲೆ ಕೆಳಗಿನ ಪ್ರತಿಯೊಬ್ಬನೂ ಮರೆಗೆ ಹೋಗಿ 'ಸರಿದೆ' ಎಂದು ಮರುಕೂಗು ಕೊಡಬೇಕು. ಹನ್ನೆರಡು ಜನ, ಹನ್ನೆರಡು ಮರುಕೂಗು. ಆಮೇಲೆಯೇ ಬತ್ತಿಗೆ ಬೆಂಕಿ.

ಒಂದು ದಿನ ಹನ್ನೊಂದೇ ಬಂದವು. ಒಬ್ಬ ಮುದುಕ ಬಂಡೆಯಡಿ ಕಲ್ಲು ಕೆತ್ತುತ್ತಲೇ ಇದ್ದ. ಮೂವತ್ತು ವರ್ಷ ಉಳಿಯ ಸದ್ದು ಕೇಳಿ ಕೇಳಿ ಅವನ ಕಿವಿ ಹೋಗಿತ್ತು. ದಿನವೂ ಯಾರಾದರೂ ಹೋಗಿ ಭುಜ ಮುಟ್ಟಿ ಎಬ್ಬಿಸುತ್ತಿದ್ದರು. ಆ ದಿನ ಯಾರೂ ಹೋಗಲಿಲ್ಲ.

"ಒಂದು ಕಡಿಮೆ ಇದೆಯಲ್ಲೋ," ಎಂದ ಜೊತೆಯವನು.

"ನನ್ನ ಗಂಟಲು ಸತ್ತವರಿಗೂ ಕೇಳುತ್ತೆ ಕಣೋ," ಎಂದು ಸಿಡಿಮದ್ದಿನವನು ಬತ್ತಿ ಹಚ್ಚಿಬಿಟ್ಟ.

ಮುದುಕನ ಹೆಣ ತೆಗೆಯಲು ಎರಡು ದಿನ ಹಿಡಿಯಿತು. ಹೆಣದ ಮುಂದೆಯೂ ಆ ಗಂಟಲು ಅಡಗಲಿಲ್ಲ. "ನಾನು ಮೂರು ಸಲ ಕೂಗಿದ್ದೆ! ನನ್ನ ತಪ್ಪೇನು?" ಎಂದು ಕೂಗಿದ.

ಮುದುಕನ ಹೆಂಡತಿ ಎದ್ದು ಅವನೆದುರು ನಿಂತಳು. "ಇಷ್ಟು ದೊಡ್ಡ ಗಂಟಲು ಕೊಟ್ಟ ದೇವರು ಹತ್ತು ಹೆಜ್ಜೆ ಇಳಿದು ಬರಲು ನಿನಗೆ ಕಾಲು ಕೊಡಲಿಲ್ಲವೇನೋ, ಪಾಪಿ?" ಎಂದಳು.

ಕತೆ ಮುಗಿಯುವ ಮೊದಲೇ ಗಂಗುಲಪ್ಪ ತಲೆ ಕೊಡವಿದ. "ಅವನು ಕಿವುಡ, ಗುರುವೇ. ನಮ್ಮ ಪಿಲ್ಲಪ್ಪನಿಗೆ ಕಿವಿ ಚೆನ್ನಾಗಿಯೇ ಕೇಳುತ್ತೆ."

"ಹಾಗಾದರೆ ಹೇಳು, ಪಿಲ್ಲಪ್ಪ ಏನೆಂದು ಮರುಕೂಗು ಕೊಟ್ಟ ಮೇಲೆ ನೀನು ಬಂಡೆಗೆ ಹಾರೆ ಒತ್ತಿದೆ?"