ಗೋಡೆ ಹೇಳಿದ ಬಿಸಿಲು

ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಬಿಸಿಲು ಅಳೆಯುವ ಥರ್ಮಾಮೀಟರೊಂದು ತೂಗುತ್ತಿತ್ತು. ಮೇಜಿನ ಮೇಲಿದ್ದ ಜ್ವರದ ಥರ್ಮಾಮೀಟರ್ ಅದನ್ನು ಕಂಡು ನಗುತ್ತಿತ್ತು: “ನನ್ನನ್ನು ಕೇಳದೆ ಇಲ್ಲಿ ಒಂದು ಮಾತ್ರೆಯೂ ಹೊರಡುವುದಿಲ್ಲ. ನಿನ್ನನ್ನು ಕೇಳುವವರು ಯಾರು?”

ಒಂದು ಮಧ್ಯಾಹ್ನ ಕಲ್ಲಿನ ಗಣಿಯಿಂದ ಹಣಮವ್ವನನ್ನು ಹೊತ್ತು ತಂದರು. ಮೈ ಕೆಂಡವಾಗಿತ್ತು, ಮಾತು ತೊದಲುತ್ತಿತ್ತು.

“ನೂರಾ ಐದು! ಜ್ವರ. ಮಾತ್ರೆ ಕೊಡಿ” ಎಂದಿತು ಜ್ವರದ ಥರ್ಮಾಮೀಟರ್.

“ತಡೆಯಿರಿ! ಹೊರಗೆ ನಲವತ್ನಾಲ್ಕು ಡಿಗ್ರಿ ಸೆಲ್ಸಿಯಸ್. ಇದು ಒಳಗೆ ಹುಟ್ಟಿದ ಜ್ವರವಲ್ಲ, ಹೊರಗಿನಿಂದ ಹೊಕ್ಕ ಬಿಸಿಲು. ಮಾತ್ರೆಗೆ ಬಗ್ಗುವುದಿಲ್ಲ. ನೀರು ಸುರಿಯಿರಿ” ಎಂದು ಗೋಡೆಯದು ಕೂಗಿತು.

ನರ್ಸ್ ಜಗದೇವಿ ಮೊದಲ ಸಲ ತಲೆಯೆತ್ತಿ ಗೋಡೆ ನೋಡಿದಳು. ಮಾತ್ರೆ ಬಿಟ್ಟು ಕೊಡ ಎತ್ತಿದಳು. ನೀರು ಸುರಿದಳು, ಗಾಳಿ ಬೀಸಿದಳು, ಮತ್ತೆ ಸುರಿದಳು. ಕೊನೆಗೆ ಹಣಮವ್ವ ಕಣ್ಣು ಬಿಟ್ಟಳು.

“ಸೀರಿ ಎಲ್ಲಾ ತೋಯ್ಸಿಬಿಟ್ಟೀರಲ್ರೀ ಅಕ್ಕಾರ! ಹಿಂಗ ಹ್ಯಾಂಗ ಮನಿಗಿ ಹೋಗ್ಲಿ?”

“ಬೈತಿ ಅಂದ್ರ ಉಳದಿ ಬಿಡವ್ವ” ಎನ್ನುತ್ತ ಜಗದೇವಿ ನೆಲದ ಮೇಲೇ ಕುಸಿದು ಕೂತು ನಕ್ಕಳು.

ಮರುದಿನದಿಂದ ಬಾಗಿಲು ತೆಗೆದವಳು ಮೊದಲು ಗೋಡೆ ನೋಡುತ್ತಾಳೆ. ಬೆಳಿಗ್ಗೆಯೇ ಮೂವತ್ತೈದು ದಾಟಿದ್ದರೆ ಗಣಿಗೆ ಫೋನು ಮಾಡುತ್ತಾಳೆ: “ಇವತ್ತು ಹತ್ತಕ್ಕೇ ಕೆಲಸ ಬಿಡ್ರಿ.” ಗಣಿಯವರು ಬಿಡುತ್ತಾರೆ.

ಜ್ವರದ ಥರ್ಮಾಮೀಟರ್ ಈಗ ಮಧ್ಯಾಹ್ನವೆಲ್ಲ ಡಬ್ಬಿಯಲ್ಲೇ ಇರುತ್ತದೆ. ಒಂದು ದಿನ ಮುಚ್ಚಳ ಸರಿಸಿ ಕೇಳಿತು: “ಅಣ್ಣಾ, ಇವತ್ತು ಗಣಿಯಿಂದ ಯಾರಾದರೂ ಬಂದರಾ?”

“ಯಾರೂ ಇಲ್ಲ. ಮಲಗು.”

“ಸದ್ಯ!” ಎಂದು ಅದು ಮುಚ್ಚಳ ಎಳೆದುಕೊಂಡಿತು.