ಒಬ್ಬರಿಗೇ ಹಾಕಿದ ಮೇಜು

ಥೀಮ್ ಪಾರ್ಕಿನ ಗೇಟಿನಲ್ಲಿ ಟಿಕೆಟ್ ಕೊಡುವ ನೀಲಾಂಬಿಕೆಗೆ ಅಲ್ಲಿನ ರೆಸಾರ್ಟಿನಲ್ಲಿ ಉಣ್ಣುವವರನ್ನು ಕಂಡರೆ ಹೊಟ್ಟೆಕಿಚ್ಚು. ರಜೆಯ ದಿನ ಸಂಜೆ ತನಗೊಬ್ಬಳಿಗೇ ಕೊಳದ ಪಕ್ಕದ ಮೇಜು ಕಾದಿರಿಸಿ, ರೇಷ್ಮೆ ಸೀರೆಯುಟ್ಟು ಹೋಗಿ ಕೂತಳು.

ಅವಳನ್ನು ಗೇಟಿನಲ್ಲಿ ಕಂಡು ಬಲ್ಲ, ಹೆಂಡತಿಯೊಡನೆ ಬಂದ ಕಂಟ್ರಾಕ್ಟರ್ ಚನ್ನವೀರಯ್ಯನವರಿಗೆ ಅದನ್ನು ಸಹಿಸಲಾಗಲಿಲ್ಲ. "ಟಿಕೆಟ್ ಹರಿಯೋಳಿಗೆ ಇಂಥ ಜಾಗವೇ? ಏಳಮ್ಮ, ನಮಗೆ ಬೇಕು."

ನೀಲಾಂಬಿಕೆ ಎದ್ದೇಬಿಟ್ಟಳು. "ಬನ್ನಿ ಸಾರ್. ಆದ್ರೆ ಇದು ಒಬ್ಬರ ಮೇಜು. ಅದು ತಿನ್ನು, ಇದು ಬಿಡು ಅನ್ನೋರು ಯಾರೂ ಇರಲ್ಲ. ನಿಮ್ಮಲ್ಲಿ ಯಾರು ಕೂರ್ತೀರಿ?"

"ನಾನು!" ಅಂದರು ಹೆಂಡತಿ, ಕುರ್ಚಿಗೆ ಕೈ ಹಾಕಿ.

ಚನ್ನವೀರಯ್ಯ ಗಾಬರಿಯಾದರು. "ನಾನೊಬ್ನೇ ಹೇಗೆ ಉಣ್ಲಿ?" ಎನ್ನುತ್ತಾ ಆಕೆಯನ್ನು ದೂರದ ಮೇಜಿಗೆ ಕರೆದೊಯ್ದರು.

ನೀಲಾಂಬಿಕೆ ಮತ್ತೆ ಕೂತು ನಿಧಾನವಾಗಿ ಉಂಡಳು. ಐಸ್‌ಕ್ರೀಮ್ ಬರುವ ಹೊತ್ತಿಗೆ ಆ ಹೆಂಡತಿ ಕೈ ತೊಳೆಯುವ ನೆಪದಲ್ಲಿ ಬಂದು ಪಿಸುಗುಟ್ಟಿದರು: "ಒಬ್ಬಳಿಗೇ ಮೇಜು ಬೇಕಂದ್ರೆ ಯಾರಿಗೆ ಫೋನ್ ಮಾಡ್ಬೇಕಮ್ಮ?"